ಐವತ್ತನೇ ಸಹಿ ಮಾತ್ರ ನನ್ನದು

ಇಂದ,
ಲಿಗೋರಿ ಮಥಾಯಸ್,
ನಿವೃತ್ತ ಅಧೀಕ್ಷಕ (ಹಾಜರಿ ಪುಸ್ತಕದ ಉಸ್ತುವಾರಿ),
ಶಂಕರಪುರ, ಕಾಪು ತಾಲೂಕು, ಉಡುಪಿ ಜಿಲ್ಲೆ.

ಗೆ,
ಅಧ್ಯಕ್ಷರು (ಶ್ರೀ ಜನಾರ್ದನ ಮೇಷ್ಟ್ರು),
ಅಜ್ಜಿಕಲ್ಲು ಗುಡ್ಡೆ ಹಿರಿಯರ ನಡಿಗೆ ಬಳಗ, ಉಡುಪಿ.

ದಿನಾಂಕ: 20-01-2025

ವಿಷಯ: ಗುಡ್ಡೆಯ ತುದಿಯ ಪುಸ್ತಕದಲ್ಲಿರುವ ನನ್ನ ಐವತ್ತನೇ ಸಹಿ ಅಸಲಿಯೆಂದೂ, ಹಿಂದಿನ ನಲವತ್ತೊಂಬತ್ತು ಸಹಿಗಳು ನಕಲಿಯೆಂದೂ ಒಪ್ಪಿಕೊಂಡು, ಇದೇ 26ರಂದು ನನಗೆ ಮಾಡಲಿರುವ ಸನ್ಮಾನವನ್ನು ರದ್ದುಪಡಿಸಲು ಕೋರಿ.

ಉಲ್ಲೇಖ:
1) ಬಳಗದ ಆಮಂತ್ರಣ ಪತ್ರಿಕೆ. ಇದರಲ್ಲಿ ನನ್ನ ಹೆಸರಿನ ಮುಂದೆ ‘ಆದರ್ಶ ಪತಿ’ ಎಂದು ಅಚ್ಚು ಹಾಕಿಸಲಾಗಿದೆ.
2) ಕಾರ್ಯದರ್ಶಿ ಶ್ರೀಮತಿ ಸುಭಾಷಿಣಿಯವರ ಪತ್ರ, ದಿನಾಂಕ 15-01-2025. “ನಿಮ್ಮ ಐವತ್ತನೇ ಸಹಿ ಹಿಂದಿನವುಗಳಿಗೆ ತಾಳೆಯಾಗುತ್ತಿಲ್ಲ. ಯಾರೋ ಕಳ್ಳ ಸಹಿ ಹಾಕಿದಂತಿದೆ. ಸಮಜಾಯಿಷಿ ಕೊಡಿ.”
3) ಅರ್ಧದಾರಿಯ ಗೂಡಂಗಡಿಯ ಮುದ್ದಣ್ಣನ ಮೌಖಿಕ ಟೀಕೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಸುಭಾಷಿಣಿಯವರು ನಿವೃತ್ತ ಬ್ಯಾಂಕ್ ಕ್ಯಾಷಿಯರ್. ಸಹಿ ನೋಡುವುದರಲ್ಲಿ ಅವರ ಕಣ್ಣು ತಪ್ಪುವುದಿಲ್ಲ. ಸದರಿಯವರು ಹಿಡಿದ ಕಳ್ಳತನ ನಿಜ. ಕಳ್ಳ ಯಾವ ಕಡೆಗಿದ್ದಾನೆ ಎಂಬಲ್ಲಿ ಮಾತ್ರ ವ್ಯತ್ಯಾಸವಾಗಿದೆ. ವಿವರ ಹೀಗಿದೆ:

1. ಅಜ್ಜಿಕಲ್ಲು ಗುಡ್ಡೆ ಹತ್ತುವುದು ಕಷ್ಟವಲ್ಲ. ಬುಡದಿಂದ ತುದಿಗೆ ಅರ್ಧ ಗಂಟೆ. ಅಂಗನವಾಡಿ ಮಕ್ಕಳು ಹತ್ತುತ್ತಾರೆ. ಕಳೆದ ಮೇ ತಿಂಗಳಲ್ಲಿ ಒಬ್ಬಳು ಮದುಮಗಳು ಫೋಟೊ ತೆಗೆಸಲೆಂದು ಹೈಹೀಲ್ಡ್ ಚಪ್ಪಲಿಯಲ್ಲಿ ಹತ್ತಿ, ಅದೇ ಚಪ್ಪಲಿಯಲ್ಲಿ ಇಳಿದಿದ್ದಾಳೆ. ಬಳಗದ ನಿಯಮವೂ ಸರಳ. ಅನುಕೂಲವಾದ ದಿನ ಹತ್ತಬೇಕು. ತುದಿಯ ತಗಡಿನ ಪೆಟ್ಟಿಗೆಯಲ್ಲಿರುವ ಪುಸ್ತಕದಲ್ಲಿ ದಿನಾಂಕ ಬರೆದು, ಸಹಿ ಹಾಕಿ, ‘ಷರಾ’ ಎಂಬ ಕಾಲಮಿನಲ್ಲಿ ಅಂದು ಕಂಡದ್ದನ್ನೋ ಅನಿಸಿದ್ದನ್ನೋ ಒಂದೆರಡು ಸಾಲು ಬರೆಯಬೇಕು. ಐವತ್ತು ಸಹಿಯಾದವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ನಾನು ಬಳಗ ಸೇರಿದ್ದು ಆರೋಗ್ಯಕ್ಕಾಗಿ ಎಂದು ಫಾರಮಿನಲ್ಲಿ ಬರೆದಿದ್ದೇನೆ. ಸೇರಿದ್ದು ಶಾಲಿಗಾಗಿ.

2. ನನ್ನ ಹೆಂಡತಿ ಸೆಲೀನ್ ತಾನೂ ಸದಸ್ಯೆಯಾಗುತ್ತೇನೆಂದು ಕೇಳಿದ್ದಳು. “ಒಂದು ಮನೆಯಿಂದ ಒಬ್ಬರು ಸಾಕು, ನೀನು ಸುಮ್ಮನೆ ಜೊತೆಗೆ ಬಾ” ಎಂದು ನಾನೇ ಆದೇಶ ಹೊರಡಿಸಿದೆ. ಕಾರಣ, ನೀರಿನ ಬಾಟಲಿ ಹಿಡಿದುಕೊಳ್ಳಲು ಯಾರಾದರೂ ಬೇಕಿತ್ತು.

3. ಕಳೆದ ವರ್ಷ ಜನವರಿಯ ಮೊದಲ ಶನಿವಾರ ಸಂಜೆ ನಾವಿಬ್ಬರೂ ಹೊರಟೆವು. ಅರ್ಧದಾರಿಯಲ್ಲಿ ಮುದ್ದಣ್ಣನ ಗೂಡಂಗಡಿ ಉಂಟು. ಅಲ್ಲಿಗೆ ಮುಟ್ಟುವಾಗ ನನ್ನ ಉಸಿರು ನನ್ನ ಕೈಯಲ್ಲಿರಲಿಲ್ಲ. ಆದರೆ ಅರ್ಜಿದಾರನು ಹಾಗೆ ಹೇಳದೆ, ಹೊಸ ಶೂ ಕಚ್ಚುತ್ತದೆ ಎಂದೂ, ಮುಖ್ಯವಾದ ಫೋನು ಬರಲಿಕ್ಕುಂಟು ಎಂದೂ, ಮೇಲೆ ನೋಡಲು ಎಂತದೂ ಇಲ್ಲವೆಂದೂ ಮೂರು ಕಾರಣ ಕೊಟ್ಟನು. ಮೂರೂ ಸುಳ್ಳು.

ನಿಜವಾದ ಕಾರಣ ಇದು. ಮದುವೆಯಾದ ಮೂವತ್ತೆರಡು ವರ್ಷ ಇಗರ್ಜಿಗಾಗಲಿ, ಮದುವೆ ಮನೆಗಾಗಲಿ, ಉಡುಪಿಯ ಬಸ್‌ಸ್ಟ್ಯಾಂಡಿಗಾಗಲಿ ನಾನು ಮುಂದೆ, ಅವಳು ಹಿಂದೆ. ಆ ಗುಡ್ಡೆಯಲ್ಲಿ ಅವಳು ಮುಂದಾದಳು. ಬೆಳಿಗ್ಗೆ ಐದಕ್ಕೆ ಎದ್ದು ಮಲ್ಲಿಗೆ ಮೊಗ್ಗು ಕೊಯ್ದು, ಒಂಬತ್ತರೊಳಗೆ ಕಟ್ಟಿ ಕಳಿಸುವವಳ ಕಾಲು ಅದು. ಎರಡು ಸಲ ನಿಂತು ತಿರುಗಿ, “ಬನ್ನಿ, ನಿಧಾನ ಬನ್ನಿ” ಎಂದಳು. ನನಗೆ ನಾಚಿಕೆಯಾಯಿತು. ಆ ನಾಚಿಕೆಯನ್ನು ಸಿಟ್ಟು ಎಂದು ನಮೂದಿಸಿಕೊಂಡು, ಬೆಂಚಿನ ಮೇಲೆ ಕೂತು, “ನೀನೇ ಹೋಗಿ ಬಾ. ಬುಕ್ಕಿನಲ್ಲಿ ನನ್ನದೊಂದು ಸಹಿ ಹಾಕಿ ಬಿಡು” ಎಂದೆ. ಗ್ಯಾಸ್ ಸಿಲಿಂಡರಿನವನಿಗೂ ಪೋಸ್ಟಿನವನಿಗೂ ನನ್ನ ಸಹಿ ಹಾಕಿ ಅವಳಿಗೆ ಅಭ್ಯಾಸವಿತ್ತು. ಅವಳು ಹಾಕಿದರೆ ನನಗಿಂತ ಚಂದ.

4. ಮೇಲ್ಕಂಡ ವ್ಯವಸ್ಥೆ ನಲವತ್ತೊಂಬತ್ತು ಶನಿವಾರ ನಡೆಯಿತು. ಮಳೆಗಾಲದಲ್ಲಿ ಅವಳು ಕೊಡೆ ಹಿಡಿದು ಹತ್ತಿದಳು. ನಾನು ಮುದ್ದಣ್ಣನ ತಗಡಿನಡಿ ಗೋಳಿಬಜೆ ತಿಂದೆ. ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. ಸೇವೆಯಲ್ಲಿದ್ದಾಗ ನಾನು ಇಪ್ಪತ್ತೇಳು ವರ್ಷ ಹಾಜರಿ ಪುಸ್ತಕ ಕಾದವನು. ಒಬ್ಬರ ಸಹಿಯನ್ನು ಇನ್ನೊಬ್ಬರು ಹಾಕಿದ್ದನ್ನು ಹಿಡಿದು, ಸ್ಯಾಮ್ಸನ್ ಎಂಬ ಅಟೆಂಡರನಿಗೆ ಎಲ್ಲರೆದುರು ಭಾಷಣ ಮಾಡಿ ಅರ್ಧ ದಿನದ ರಜೆ ಕಡಿದಿದ್ದೇನೆ. ಅವನು ಹೆಂಡತಿಯ ಹೆರಿಗೆಗೆ ಹೋಗಿದ್ದ.

5. ಡಿಸೆಂಬರಿನಲ್ಲಿ ಸೆಲೀನಳಿಗೆ ಮಣಿಪಾಲದಲ್ಲಿ ಮಂಡಿಯ ಆಪರೇಷನ್ ಆಯಿತು. ನನಗೆ ಮೊದಲು ಬಂದ ಯೋಚನೆ ಅವಳ ಕಾಲಿನದ್ದಲ್ಲ. ಇನ್ನೊಂದು ಸಹಿಗೆ ಯಾರು ಎಂಬುದು. ನಡೆದದ್ದು ಹಾಗೆಯೇ.

6. ಬೇರೆ ದಾರಿ ಕಾಣದ ಪ್ರಯುಕ್ತ, ಇದೇ ತಿಂಗಳ 11ರ ಶನಿವಾರ ನಾನೊಬ್ಬನೇ ಹೊರಟೆ. ಮುದ್ದಣ್ಣ ಬೆಂಚು ಒರೆಸಿದ. ಕ್ರೈಸ್ತರಾದ ಕಾರಣ ಅವನಿಗೆ ನಾನು ‘ಪೊರ್ಬುಗಳು’, ಸೆಲೀನ್ ‘ಬಾಯಮ್ಮ’.

“ಒಬ್ಬರೇ ಎಂತ, ಪೊರ್ಬುಗಳೇ? ಗೋಳಿಬಜೆ ಬಿಡ್ಲಾ?”

“ಬೇಡ. ಮೇಲೆ ಹೋಗ್ತೇನೆ ಮಾರಾಯ.”

“ಮೇಲೆಯಾ? ನೀವಾ?” ಅವನು ಸೌಟು ಕೆಳಗಿಟ್ಟ. “ಬಾಯಮ್ಮನಿಗೆ ಎಂತಾದ್ರೂ ಆಯ್ತಾ?”

ಆಪರೇಷನ್ನಿನ ಸಂಗತಿ ಹೇಳಿದೆ. “ಅಲ್ಲ, ಅವರು ಆಗಸ್ಟಿನಿಂದಲೇ ಕುಂಟ್ತಾ ಇದ್ದದ್ದಲ್ವಾ? ನಿಮಗೆ ಗೊತ್ತಿಲ್ವಾ? ಎಂತದು ನೀವು!” ಎಂದ. ಇದೇ ಉಲ್ಲೇಖ 3.

7. ಮುದ್ದಣ್ಣನ ಅಂಗಡಿಯಿಂದ ತುದಿಗೆ ಹನ್ನೊಂದು ನಿಮಿಷ. ನಾನು ನಾಲ್ಕು ಸಲ ಕೂತುಕೊಂಡೂ ಹನ್ನೊಂದೇ ನಿಮಿಷ. ಒಂದು ವರ್ಷ ನಾನು ತುದಿಯಿಂದ ಹನ್ನೊಂದು ನಿಮಿಷ ಈಚೆ ಕೂತಿದ್ದೆ.

ಮೇಲೆ ಗಾಳಿ ಚೆನ್ನಾಗಿತ್ತು. ಪಶ್ಚಿಮಕ್ಕೆ ಕಾಪುವಿನ ದೀಪಸ್ತಂಭ, ಅದರಾಚೆ ಸಮುದ್ರ. ಉತ್ತರಕ್ಕೆ ಮಣಿಪಾಲದ ಎತ್ತರದ ಕಟ್ಟಡಗಳು. ಪೂರ್ವಕ್ಕೆ ಕಾರ್ಕಳದ ಕಡೆ ನೀಲಿಯಾಗಿ ಘಟ್ಟ. ಕೆಳಗೆ ನಮ್ಮ ಮಲ್ಲಿಗೆ ಸಾಲು, ಅದರ ಪಕ್ಕ ಮನೆಯ ನೀರಿನ ಟ್ಯಾಂಕು. ಆ ಮನೆಯೊಳಗೆ ಅವಳು ಕಾಲು ಚಾಚಿಕೊಂಡು ಮಲಗಿದ್ದಾಳೆ ಎಂದು ನೆನಪಾಯಿತು. ಇಷ್ಟು ಚಂದದ ಜಾಗವನ್ನು ಅವಳೊಬ್ಬಳೇ ನೋಡಿದ್ದಳು.

8. ಆಮೇಲೆ ಪುಸ್ತಕ ತೆರೆದೆ. ಸಹಿಯೊಂದನ್ನೇ ಹಾಕಿದರೆ ತಾವು ಪ್ರಶ್ನೆ ಕೇಳುತ್ತೀರಿ ಎಂದು, ಸದರಿ ಸೆಲೀನ್ ಪ್ರತಿ ವಾರ ಷರಾ ಕಾಲಮನ್ನೂ ನನ್ನ ಹೆಸರಿನಲ್ಲಿ ತುಂಬಿಸಿದ್ದಳು. ಕೆಲವನ್ನು ಯಥಾವತ್ತಾಗಿ ಇಲ್ಲಿ ನಕಲು ಮಾಡಿದೆ:

10-02-2024: “ಸಮುದ್ರ ಸ್ಪಷ್ಟ ಉಂಟು. ದೀಪಸ್ತಂಭ ಎಲ್ಲಿ ಎಂದು ಹೆಂಡತಿಗೆ ಬೆರಳಿನಲ್ಲಿ ತೋರಿಸಿದೆ.”
13-07-2024: “ಜೋರು ಮಳೆ. ಒಂದೇ ಕೊಡೆಯಲ್ಲಿ ಇಬ್ಬರೂ ಬಂದೆವು.”
31-08-2024: “ಹೆಂಡತಿಗೆ ಮಂಡಿ ನೋವು. ಕೈ ಹಿಡಿದು ಹತ್ತಿಸಿದೆ. ಡಾಕ್ಟರಿಗೆ ತೋರಿಸುವ ಎಂದು ಹೇಳಿದ್ದೇನೆ.”
05-10-2024: “ಕಲ್ಲಿನ ಮೇಲೆ ಕೂತು ಇಬ್ಬರೂ ಮಾತಾಡಿದೆವು. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.”

ಮಂಡಿ ನೋವಿನ ಮಾತು ಮನೆಯಲ್ಲಿ ಬಂದದ್ದು ನವೆಂಬರಿನಲ್ಲಿ. ಪುಸ್ತಕದಲ್ಲಿ ಆಗಸ್ಟಿನಲ್ಲೇ ಉಂಟು. ಅವಳ ನೋವು ಗುಡ್ಡೆಗೆ ಗೊತ್ತಿತ್ತು, ಮುದ್ದಣ್ಣನಿಗೆ ಗೊತ್ತಿತ್ತು. ಇದನ್ನು ಓದಿದ ಮೇಲೆ ನಾನು ಐವತ್ತನೇ ಸಹಿ ಹಾಕಿದೆ. ಆದ್ದರಿಂದ ಅದು ತಾಳೆಯಾಗದಿರಲು ಉಬ್ಬಸ ಒಂದೇ ಕಾರಣವಲ್ಲ. ಷರಾ ಕಾಲಮಿನಲ್ಲಿ ಏನು ಬರೆಯಬೇಕೆಂದು ತಿಳಿಯದೆ ಖಾಲಿ ಬಿಟ್ಟಿದ್ದೇನೆ. ಈ ಷರಾಗಳನ್ನೇ ಓದಿ ತಾವು ನನ್ನನ್ನು ಆದರ್ಶ ಪತಿ ಎಂದು ತೀರ್ಮಾನಿಸಿದ್ದೀರಿ. ತಮ್ಮ ತೀರ್ಮಾನ ದಾಖಲೆಗೆ ಅನುಗುಣವಾಗಿಯೇ ಇದೆ. ಆ ಪತಿ ಮಾತ್ರ ನಾನಲ್ಲ.

9. ಮನೆಗೆ ಬಂದು ವಿಚಾರಣೆ ನಡೆಸಿದೆ.

“ಇದೆಲ್ಲ ಎಂತ ಸುಳ್ಳು ಬರೆದದ್ದು ನೀನು?”

“ಸಹಿಯೇ ಸುಳ್ಳು. ಷರಾ ಮಾತ್ರ ನಿಜ ಬರೀಬೇಕಿತ್ತಾ?” ಎಂದಳು. ದಿಂಬು ಸರಿಮಾಡಿಕೊಂಡಳು. “ಮತ್ತೆ, ಬರೆಯುವಾಗ ಖುಷಿಯಾಗ್ತಿತ್ತು ನನಗೆ.”

ಸ್ಯಾಮ್ಸನನಿಗೆ ಮಾಡಿದ ಭಾಷಣದ ಒಂದು ಶಬ್ದವೂ ಬಾಯಿಗೆ ಬರಲಿಲ್ಲ. ಅಡುಗೆಮನೆಗೆ ಹೋಗಿ ಚಹಾ ಮಾಡಿದೆ. ಸಕ್ಕರೆ ಎಲ್ಲಿದೆ ಎಂದು ಅವಳನ್ನೇ ಕೇಳಬೇಕಾಯಿತು.

ಆದ್ದರಿಂದ, ಈ ಎಲ್ಲ ಕಾರಣಗಳಿಂದ, ತಾವು ದಯವಿಟ್ಟು:

(ಅ) ನಲವತ್ತೊಂಬತ್ತು ಹತ್ತುವಿಕೆಯನ್ನು ಶ್ರೀಮತಿ ಸೆಲೀನ್ ಮಥಾಯಸ್ ಹೆಸರಿಗೆ ವರ್ಗಾಯಿಸಬೇಕು. ಅವಳಿಗೆ ಒಂದು ಕಮ್ಮಿಯಾಗುತ್ತದೆ. ನನ್ನದೊಂದನ್ನು ಸೇರಿಸಿಕೊಳ್ಳಿ ಎಂದದ್ದಕ್ಕೆ, “ಬೇಡ, ಕಾಲು ಸರಿಯಾಗ್ಲಿ, ನಾನೇ ಹತ್ತುತ್ತೇನೆ” ಎಂದು ಲಿಖಿತವಾಗಿಯಲ್ಲದಿದ್ದರೂ ಖಡಾಖಂಡಿತವಾಗಿ ತಿಳಿಸಿದ್ದಾಳೆ.

(ಆ) ಅಚ್ಚಾದ ಆಮಂತ್ರಣ ಪತ್ರಿಕೆಗಳಲ್ಲಿ ನನ್ನ ಬಿರುದನ್ನು ಶಾಯಿಯಲ್ಲಿ ಹೊಡೆದು ಹಾಕಲು ಅನುಮತಿ ಕೊಡಬೇಕು. ಕೆಲಸ ನಾನೇ ಬಂದು ಮಾಡುತ್ತೇನೆ. ಮುನ್ನೂರು ಪತ್ರಿಕೆ ಎಂದು ಕೇಳಿದ್ದೇನೆ.

(ಇ) ವೈದ್ಯರು ಅವಳನ್ನು ಗುಡ್ಡೆಗೆ ಬಿಡುವ ದಿನ ನಾನೂ ಹೋಗುತ್ತೇನೆ. ಹಿಂದೆ ನಡೆಯುತ್ತೇನೆ. ನೀರಿನ ಬಾಟಲಿ ನನ್ನ ಕೈಯಲ್ಲಿರುತ್ತದೆ. ಇದಕ್ಕೆ ಬಳಗದ ಆಕ್ಷೇಪಣೆ ಇದ್ದರೆ ಮುಂಚಿತವಾಗಿ ತಿಳಿಸಬೇಕು.

ತಮ್ಮ ವಿಶ್ವಾಸಿ (ಎಷ್ಟರ ಮಟ್ಟಿಗೆ ಎಂಬುದನ್ನು ಕಂಡಿಕೆ 1ರಿಂದ 9ರವರೆಗೆ ವಿವರಿಸಿದೆ),
ಲಿಗೋರಿ ಮಥಾಯಸ್
(ಸಹಿ ಸ್ವಂತದ್ದು)

ಲಗತ್ತುಗಳು:
1) ಸೆಲೀನಳ ಸದಸ್ಯತ್ವದ ಫಾರಂ, ಒಂದು ವರ್ಷ ತಡವಾಗಿ.
2) ಅವಳ ಭಾವಚಿತ್ರ ಎರಡು. ಒಂದರಲ್ಲಿ ನಗುತ್ತಿದ್ದಾಳೆ. ಅದು ನಡೆಯದಿದ್ದರೆ ಇನ್ನೊಂದು.
3) ನನ್ನ ಸಹಿಯ ಮಾದರಿ ಮೂರು. ಒಂದಕ್ಕೊಂದು ತಾಳೆಯಾಗುವುದಿಲ್ಲ.

ವಿ.ಸೂ.: ನಲವತ್ತೊಂಬತ್ತು ಷರಾಗಳ ದೃಢೀಕೃತ ನಕಲು ಪ್ರತಿಯೊಂದನ್ನು ನನಗೆ ಆದಷ್ಟು ಬೇಗ ಕೊಡಿಸಬೇಕಾಗಿ ವಿನಂತಿ. ಗಂಡನಾದವನು ಏನೇನು ಮಾಡಬೇಕಿತ್ತು ಎಂಬುದಕ್ಕೆ ನಮ್ಮ ಮನೆಯಲ್ಲಿ ಬೇರೆ ಯಾವುದೇ ದಾಖಲೆ ಇರುವುದಿಲ್ಲ.