ಮೊಣಕೈ ಮೇಲಿನ ಮಿಂಚುಳ್ಳಿ

ಹಳೆಯ ಅಂಗಿಯನ್ನು ಬಿಸಾಡುವ ವಿಷಯದಲ್ಲಿ ನಾನು ಮಹಾ ಜಿಪುಣ. ಅದನ್ನು ಜಿಪುಣತನ ಎಂದು ಕರೆಯುವವಳು ನನ್ನ ಹೆಂಡತಿ ವಿಮಲಾ. ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೇನೆ. ಹೊಸ ಅಂಗಿ ಹೊಸ ನೆಂಟನ ಹಾಗೆ ಬಿಗಿಯಾಗಿ ಕೂತಿರುತ್ತದೆ. ಹಳೆಯದಕ್ಕೆ ನನ್ನ ಹೊಟ್ಟೆಯ ಪರಿಚಯವಿದೆ, ಗುಂಡಿಗಳು ಸುಮ್ಮನೆ ಜಾಗ ಬಿಟ್ಟುಕೊಡುತ್ತವೆ. ಆದರೆ ಎಷ್ಟು ಜೋಪಾನ ಮಾಡಿದರೂ ಮೊಣಕೈ ಭಾಗ ಮಾತ್ರ ಹರಿದೇ ಹರಿಯುತ್ತದೆ. ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು ದಿನವಿಡೀ ಮೇಜಿಗೆ ಮೊಣಕೈ ಊರಿಕೊಂಡಿರುತ್ತಾನೆ. ನನ್ನ ಪಾಠಕ್ಕೆ ಇರುವ ಗಟ್ಟಿ ಆಧಾರ ಅದೊಂದೇ.

ನಮ್ಮ ಕಡೆ ಹರಿದ ಮಾತ್ರಕ್ಕೆ ಅಂಗಿಯ ಆಯಸ್ಸು ಮುಗಿಯುವುದಿಲ್ಲ. ಕಾಫಿ ಕುಯ್ಲಿಗೆ ಹೋಗುವ ಹೆಂಗಸರು ರೆಂಬೆ ಗೀರದಿರಲಿ, ಕೆಂಜಿಗ ಇರುವೆ ಕಚ್ಚದಿರಲಿ ಎಂದು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುತ್ತಾರೆ. ಪ್ರತಿ ವರ್ಷ ಕುಯ್ಲು ಶುರುವಾಗುವ ಮುಂಚೆ ಪಕ್ಕದ ಎಸ್ಟೇಟಿನ ಗೌರಮ್ಮ ಬಂದು ನನ್ನ ಹರಕು ಅಂಗಿಗಳನ್ನು ಒಯ್ಯುವುದು ವಾಡಿಕೆ. ಹೆತ್ತೂರು ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ನನ್ನ ಮದುವೆ ರಿಸೆಪ್ಷನ್ನಿನ ಅಂಗಿ ಕಾಫಿ ಗಿಡಗಳ ನಡುವೆ ಓಡಾಡುವುದನ್ನು ಕಣ್ಣಾರೆ ಕಂಡಿದ್ದೇನೆ. ನನಗಿಂತ ಗೌರಮ್ಮನಿಗೇ ಅದು ಚೆನ್ನಾಗಿ ಒಪ್ಪುತ್ತಿತ್ತು.

ಈ ಸಲ ಆ ವಾಡಿಕೆಗೆ ತೊಡಕು ಬಂತು. ಬೇಸಿಗೆಯಲ್ಲಿ ವಿಮಲಾ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಕಟ್ಟು ಬಿಚ್ಚಿದ ಮೇಲೂ ಬೆರಳುಗಳು ಮಡಚಲೊಲ್ಲವು. ಲೋಟ ಹಿಡಿದರೆ ಜಾರುತ್ತಿತ್ತು. ಸಾರಿನ ಉಸ್ತುವಾರಿ ನನಗೆ ಬಂತು. ಕೈ ಮುರಿದಾಗ ಅಳದವಳು ನನ್ನ ಸಾರು ಉಂಡು ಕಣ್ಣೀರು ಹಾಕಿದಳು. ಖಾರಕ್ಕೆ ಎಂದು ಆಗ ನಾನು ನಂಬಿದ್ದೆ. ಇನ್ನು ಈ ಕೈ ಇಷ್ಟೇ ಏನೋ ಎಂಬ ಹೆದರಿಕೆ ಅವಳನ್ನು ಹಿಡಿದಿತ್ತು. ಬೆರಳಿಗೆ ಸಣ್ಣ ಸಣ್ಣ ಕೆಲಸ ಕೊಡುತ್ತಿರಿ ಎಂದು ಸಕಲೇಶಪುರದ ಡಾಕ್ಟರು ಹೇಳಿದರು. ಅವಳು ಸೂಜಿ ಹಿಡಿದಳು. ಹರಿದ ಬಟ್ಟೆಗೆ ಕಸೂತಿಯ ತೇಪೆ ಹಾಕುವುದನ್ನು ಮೊಬೈಲಿನಲ್ಲಿ ನೋಡಿ, ನನ್ನ ನೀಲಿ ಗೆರೆಯ ಅಂಗಿಯನ್ನು ಮಡಿಲಿಗೆ ಎಳೆದುಕೊಂಡಳು.

ಮಳೆಗಾಲವೆಲ್ಲ ಅದೊಂದೇ ತೇಪೆ. ಹಿತ್ತಿಲ ಬಾಗಿಲಲ್ಲಿ ಕೂತು ಹೊಲಿಯುವಳು, ಸರಿಬರಲಿಲ್ಲವೆಂದು ಬಿಚ್ಚುವಳು, ಮತ್ತೆ ಹೊಲಿಯುವಳು. ನಾನು ಒಳಗೆ ಪೇಪರ್ ಓದುತ್ತಿದ್ದೆ. ಕೊನೆಗೊಂದು ಸಂಜೆ ಅಂಗಿಯನ್ನು ನನ್ನ ಮುಂದೆ ಹಿಡಿದು ಹೇಗಿದೆ ಎಂದು ಕೇಳಿದಳು. ಕೋಳಿ ಬಹಳ ಚೆನ್ನಾಗಿ ಬಂದಿದೆ ಎಂದೆ. ಅದು ಮಿಂಚುಳ್ಳಿಯಂತೆ. ಕೊಕ್ಕು ಉದ್ದ ಇದೆಯಲ್ಲ ಎಂದು ಮೆಲ್ಲಗೆ ತೋರಿಸಿದಳು. ನೋಡಿದೆ, ಇತ್ತು. ಹೊಟ್ಟೆಯೂ ಅದಕ್ಕೆ ತಕ್ಕಷ್ಟು ಇತ್ತು ಎಂಬುದನ್ನು ಹೇಳದೆ ನುಂಗಿಕೊಂಡೆ. ನನ್ನ ಚಿಂತೆ ಬೇರೆ: ಬೋರ್ಡಿನ ಮೇಲೆ ಬರೆಯುವಾಗ ಮೇಷ್ಟರ ಮೊಣಕೈ ನೇರವಾಗಿ ತರಗತಿಯ ಕಡೆಗೇ ಇರುತ್ತದೆ. ದಾರದ ತುದಿ ಕತ್ತರಿಸಲಿ, ಇಸ್ತ್ರಿ ಆಗಲಿ ಎಂದು ತೊಡುವುದನ್ನು ಮುಂದೂಡುತ್ತ ಬಂದೆ.

ಅವಳು ಡಾಕ್ಟರಿಗೆ ಕೈ ತೋರಿಸಲು ಹೋಗಿದ್ದ ದಿನ ಗೌರಮ್ಮ ಬಂದಳು. ಜಗಲಿಯ ಬೆಂಚಿನ ಮೇಲೆ ಹರಕು ಅಂಗಿಗಳ ಗಂಟು ಎಂದಿನಂತೆ ಇತ್ತು. ಪೇಪರಿನಿಂದ ತಲೆ ಎತ್ತದೆ, ಅಲ್ಲಿರೋದೆಲ್ಲ ನಿನಗೇ, ತಗೊಂಡು ಹೋಗು ಎಂದೆ. ಇಸ್ತ್ರಿಗೆಂದು ವಿಮಲಾ ಇಟ್ಟುಹೋದ ನೀಲಿ ಗೆರೆಯ ಅಂಗಿಯೊಂದಿಗೆ ಗಂಟಿನ ಮೇಲೆ ಮಿಂಚುಳ್ಳಿ ಕೂತಿರುವುದು ನನಗೆ ಗೊತ್ತಿರಲಿಲ್ಲ. ಸಂಜೆ ವಿಮಲಾ ಬಸ್ಸಿಳಿದು ಹೆಚ್ಚುಕಡಿಮೆ ಓಡುತ್ತಲೇ ಬಂದಳು. ಕೈ ಪೂರ್ತಿ ಸುಧಾರಿಸುತ್ತದಂತೆ. ಏನು ಹೊಲಿದಿರಿ, ಮುಂದಿನ ಸಲ ತನ್ನಿ, ನೋಡೋಣ ಎಂದು ಡಾಕ್ಟರು ಹೇಳಿದರಂತೆ. ನೇರವಾಗಿ ಬೆಂಚಿನ ಹತ್ತಿರ ಹೋದಳು. ನಡೆದದ್ದನ್ನು ಹೇಳಿದೆ. ಬೈದಿದ್ದರೆ ಬಚಾವಾಗುತ್ತಿದ್ದೆ. ಬೈಯಲಿಲ್ಲ, ಬೆಂಚಿನ ಮೇಲೆ ಕೂತು ಬೆರಳುಗಳನ್ನು ಒಮ್ಮೆ ಮಡಚಿ ಬಿಡಿಸಿದಳು.

"ಹೋಗ್ಲಿ ಬಿಡಿ. ಕೋಳಿ ತಾನೆ," ಎಂದಳು.

ಆ ಮಾತು ನನ್ನ ಎದೆಗೆ ನಾಟಿತು. ಬೆಳಗಾಗುತ್ತಲೇ, ಬದಲಿಗೆ ಕೊಡೋಣವೆಂದು ಮಡಿಕೆ ಬಿಚ್ಚದ ಹೊಸ ಅಂಗಿಯೊಂದನ್ನು ಹಿಡಿದುಕೊಂಡು ಎಸ್ಟೇಟಿಗೆ ಹೋದೆ. ಕೂಲಿ ಹೆಂಗಸಿನ ಮೈಮೇಲಿರುವ ಅಂಗಿಯನ್ನು ಬಿಚ್ಚಿಕೊಡು ಎಂದು ಕೇಳುವುದು ಹೇಗೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿದೆ. ಯಾವುದೂ ಮರ್ಯಾದಸ್ಥ ವಾಕ್ಯವಾಗಲಿಲ್ಲ. ಗೌರಮ್ಮ ಸ್ಟೋರಿನ ಮುಂದೆ ಬುಟ್ಟಿ ಹಿಡಿದು ನಿಂತಿದ್ದಳು. ಮೈಮೇಲೆ ನನ್ನ ಅಂಗಿಯೇ. ಆದರೆ ಮೊಣಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿ ದಾರದಿಂದ ಕಟ್ಟಿದ್ದಳು. ಪೆಟ್ಟಾಯಿತೇ ಎಂದು ಕೇಳಿದೆ.

"ಇಲ್ಲ ಸಾರ್, ಮಿಂಚುಳ್ಳಿ ಕೊಳೆ ಆಗ್ಬುಡ್ತದೆ ಅಂತ," ಎಂದಳು. "ಅಮ್ಮೋರು ಆ ಕೈ ಇಟ್ಕಂಡು ಮಳೆಗಾಲೆಲ್ಲ ಹೊಲ್ದವ್ರೆ. ದಿನಾ ಬೇಲಿತಾವ ನಿಂತ್ಕಂಡು ನೋಡಿವ್ನಿ. ನಂಗೇ ಅಂತ ಗೊತ್ತಿರ್ನಿಲ್ಲ ಕಣ್ರೀ." ಆಮೇಲೆ ದನಿ ತಗ್ಗಿಸಿ, ಕೂಲಿಯವರ ಲೈನ್ ಮನೆಯ ಇನ್ನೊಬ್ಬಳು ಅದನ್ನು ಕೋಳಿ ಎಂದಳೆಂದೂ, ಅವಳ ಜೊತೆ ತಾನು ಮಾತು ಬಿಟ್ಟಿರುವುದಾಗಿಯೂ ತಿಳಿಸಿದಳು.

ನಾನು ಜೋಡಿಸಿಕೊಂಡು ಬಂದ ವಾಕ್ಯಗಳೆಲ್ಲ ಅಲ್ಲೇ ಮುಗಿದವು. ಹೊಸ ಅಂಗಿಯನ್ನೂ ನಿನಗೇ ತಂದೆ ಎಂದು ಅವಳ ಕೈಗಿತ್ತು ವಾಪಸಾದೆ. ಅರ್ಥಶಾಸ್ತ್ರದ ಮೇಷ್ಟರ ವ್ಯವಹಾರ ಇಷ್ಟು ಚೆನ್ನಾಗಿರುತ್ತದೆ. ಮನೆಗೆ ಬಂದು ಗೌರಮ್ಮ ಹೇಳಿದ್ದನ್ನು ಒಪ್ಪಿಸಿದೆ. ಕವರ್ ಸುತ್ತಿದ ಭಾಗವನ್ನು ವಿಮಲಾ ಮತ್ತೊಮ್ಮೆ ಹೇಳಿಸಿದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಒಗ್ಗರಣೆಯ ಸದ್ದು ಬಂತು.

ಭಾನುವಾರ ಗೌರಮ್ಮ ಲೈನಿನ ಹೆಂಗಸರ ಹರಕು ಅಂಗಿಗಳನ್ನೆಲ್ಲ ಹೊತ್ತು ತಂದಳು. ಒಬ್ಬಳಿಗೆ ನವಿಲು ಬೇಕಂತೆ, ಒಬ್ಬಳಿಗೆ ದಾಸವಾಳ. ಡಾಕ್ಟರಿಗೆ ತೋರಿಸಲು ನನ್ನದೇ ಅಂಗಿಯನ್ನು ವಿಮಲಾ ಒಂದು ದಿನದ ಮಟ್ಟಿಗೆ ಗೌರಮ್ಮನಿಂದ ಕಡ ತಂದು, ಒಗೆದು ಹಿಂತಿರುಗಿಸಿದಳು. ಈಗ ಬೆರಳುಗಳು ಸರಾಗವಾಗಿ ಓಡುತ್ತವೆ. ನೋಡಿದರೆ ಸಂತೋಷವಾಗುತ್ತದೆ, ಈಚೆಗೆ ನಾನೂ ಹಿತ್ತಿಲ ಬಾಗಿಲಲ್ಲೇ ಕೂರುತ್ತೇನೆ.

ಈ ಮಧ್ಯೆ ನನ್ನ ಬಿಳಿ ಅಂಗಿಯ ಮೊಣಕೈಯೂ ಹರಿದಿದೆ. ಅಳುಕುತ್ತಲೇ ಅವಳ ಮುಂದೆ ಹಿಡಿದೆ. ಅವಳು ಸೂಜಿಯಿಂದ ಕಣ್ಣು ಕೀಳಲಿಲ್ಲ.

"ಕುಯ್ಲು ಮುಗೀಲಿ. ನಿಮಗೊಂದು ಕೋಳಿ ಹಾಕ್ಕೊಡ್ತೀನಿ," ಎಂದಳು.

ಆಗಲಿ ಎಂದಿದ್ದೇನೆ. ಅಲ್ಲಿಯ ತನಕ ಹರಕು ಮೊಣಕೈ ಕಾಣದಿರಲೆಂದು ಬೋರ್ಡಿನ ಮೇಲೆ ಬರೆಯುವುದನ್ನು ಬಿಟ್ಟು, ಮಕ್ಕಳ ಕಡೆ ಮುಖ ಮಾಡಿಕೊಂಡೇ ನೋಟ್ಸ್ ಹೇಳಿ ಬರೆಸುತ್ತಿದ್ದೇನೆ.