ಆರರ ಮೇಲೊಂದು

ಸಾವಿರದ ಒಂಬೈನೂರ ಅರವತ್ತಾರನೆಯ ಇಸವಿಯಲ್ಲಿ, ಸೇಡಂ ಗಂಜಿನ, ಅಂದರೆ ಕಾಳಿನ ಪೇಟೆಯ, ತೂಕದವರಿಗೆ ಲೆಕ್ಕ ಬರುವುದಿಲ್ಲವೆಂಬ ಸಂಗತಿ ಸರ್ಕಾರದ ಗಮನಕ್ಕೆ ಬಂದಿತು. ಪುರಾವೆ ಸ್ಪಷ್ಟವಾಗಿತ್ತು. ಲೆಕ್ಕ ಬರುತ್ತದೆಂಬ ಸರ್ಟಿಫಿಕೇಟು ಅವರಲ್ಲಿ ಒಬ್ಬನ ಹತ್ತಿರವೂ ಇರಲಿಲ್ಲ.

ಈ ತೂಕದವರಲ್ಲಿ ಹಿರಿಯ ಖಂಡೆಪ್ಪ. ಮೂವತ್ತೊಂದು ವರ್ಷದಿಂದ ಕಾಟಾದ ಮುಂದೆ ನಿಂತು ತೊಗರಿ ತೂಗಿದವನು. ಚೀಲ ಹೊತ್ತ ಹಮಾಲನ ನಡಿಗೆ ನೋಡಿಯೇ ಅದರಲ್ಲಿ ಎರಡು ಕಿಲೋ ಕಡಿಮೆ ಇದೆ ಅನ್ನುತ್ತಿದ್ದ. ತೂಗಿ ನೋಡಿದರೆ ಎರಡೇ ಕಿಲೋ ಕಡಿಮೆ ಇರುತ್ತಿತ್ತು. ಇದು ಅನುಭವವೇ ಹೊರತು ಲೆಕ್ಕವಲ್ಲವೆಂದು ಲೆಕ್ಕಜ್ಞಾನ ಪ್ರಸಾರ ಖಾತೆ ಅಭಿಪ್ರಾಯಪಟ್ಟಿತು. ಯುಗಾದಿಯೊಳಗೆ ಮೂಲ ಅಂಕಗಣಿತದ ಪರೀಕ್ಷೆ ಪಾಸಾಗದ ತೂಕದವನು ತನ್ನ ಹಿತ್ತಾಳೆ ಬಿಲ್ಲೆಯನ್ನು ಖಾತೆಗೆ ಒಪ್ಪಿಸತಕ್ಕದ್ದೆಂದು ಹುಕುಂ ಹೊರಟಿತು. ಬಿಲ್ಲೆ ಇಲ್ಲದವನು ಕಾಟಾ ಮುಟ್ಟುವಂತಿರಲಿಲ್ಲ. ಕಾಟಾ ಮುಟ್ಟದ ಖಂಡೆಪ್ಪನನ್ನು ಖಂಡೆಪ್ಪ ತಾನೂ ನೋಡಿರಲಿಲ್ಲ.

ಸೇಡಂನಲ್ಲಿ ಅರವತ್ತು ಜನರಿಗೆ ಲೆಕ್ಕ ಕಲಿಸಬೇಕೆಂಬ ಗುರಿ ನಿಗದಿಯಾಯಿತು. ಗಂಜಿನಲ್ಲಿದ್ದ ತೂಕದವರು ಏಳೇ ಜನ. ಆದರೆ ಗುರಿ ಹಾಕುವ ಮುಂಚೆ ಜನರನ್ನು ಎಣಿಸುವ ಪದ್ಧತಿ ಖಾತೆಯಲ್ಲಿರಲಿಲ್ಲ. ಚಿತ್ತಾಪುರಕ್ಕೆ ಐವತ್ತು ಕೊಟ್ಟಿದ್ದರು, ಚಿಂಚೋಳಿಗೆ ಎಪ್ಪತ್ತು; ಸೇಡಂ ನಡುವೆ ಬರುವುದರಿಂದ ಅರವತ್ತು. ಇದಕ್ಕಿಂತ ನ್ಯಾಯವಾದ ಲೆಕ್ಕ ಇನ್ನೇನಿದ್ದೀತು?

ಶಾಲೆಯ ಕೋಣೆಯಲ್ಲಿ ಖಾತೆಯ ಹೊಸ ಖುರ್ಚಿಗಳನ್ನು ಇಟ್ಟು ಬೀಗ ಹಾಕಿದ್ದರಿಂದ, ತರಗತಿ ತೊಗರಿಯ ಗೋದಾಮಿನಲ್ಲಿ, ಚೀಲಗಳ ನಡುವೆ, ಮಧ್ಯಾಹ್ನದ ಹೊತ್ತು ನಡೆಯಿತು. ಕಲಿಸುವವರು ಖಾತೆಯ ಗುಮಾಸ್ತ ಮಜೀದಸಾಬ. ಒಳ್ಳೆಯ ಮನುಷ್ಯ, ನಿಯಮ ಬಿಟ್ಟು ಒಂದು ಹೆಜ್ಜೆ ಆಚೆ ಇಡುವವರಲ್ಲ.

ಮೊದಲನೆಯ ದಿನವೇ ತೊಡಕು ಬಂತು. ಕಾಳಿನ ಎದುರು ಎಣಿಸುವವರು ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ; ಶುರುವಾತು ಶುಭವಾಗಲಿ ಅಂತ. ಹಾಗೆಯೇ ‘ಏಳು’ ಅನ್ನುವುದೂ ಇಲ್ಲ. ಏಳು ಅಂದರೆ ಕಾಳು ಎದ್ದು ಹೋದೀತು. ಹಾಗಾಗಿ ಆರಾದ ಮೇಲೆ ‘ಮ್ಯಾಲೊಂದು’ ಅಂದು ಎಂಟಕ್ಕೆ ಹೋಗುತ್ತಾರೆ. ಖಂಡೆಪ್ಪನ ಅಪ್ಪ ಹೀಗೆಯೇ ಎಣಿಸಿದ, ಅಪ್ಪನ ಅಪ್ಪನೂ. ಮೂರು ತಿಂಗಳ ತರಗತಿಯಲ್ಲಿ ಈ ಎರಡು ಅಂಕಿ ಬಿಟ್ಟು ಉಳಿದೆಲ್ಲವನ್ನೂ ತೂಕದವರು ಮೊದಲ ಐದು ನಿಮಿಷದಲ್ಲಿ ಹೇಳಿ ಮುಗಿಸಿದರು.

ಪರೀಕ್ಷೆಯ ಹಿಂದಿನ ದಿನ ಖಂಡೆಪ್ಪನ ಹೆಂಡತಿ ಅಮೃತಮ್ಮ ರೊಟ್ಟಿ ಬಡಿಯುತ್ತಾ ಅಂದಳು: “ಒಂದ್ಸಲ ಏಳು ಅಂದು ಬಿಲ್ಲೆ ಉಳಿಸಿಕೊಳ್ರಿ. ಬಾಯಿ ಸವೀತದೇನು?”

“ಕಾಳು ಎದ್ದು ಹೋದ್ರ?”

“ದಿನಾ ಮುಂಜಾನಿ ಏಳ್ರಿ, ಏಳ್ರಿ ಅಂತ ಒದರತೀನಿ. ನೀವು ಒಂದಿನಾ ಎದ್ದೀರೇನು?”

“ನಾ ಏನ್ ಕಾಳೇನ?”

“ಕಾಳಾಗಿದ್ರ ಎಂದೋ ಎದ್ದಿರ್ತಿತ್ತು,” ಅಂದಳು ಅಮೃತಮ್ಮ.

ಮರುದಿನ ಪರೀಕ್ಷೆ ಮಾಡಲು ಖಾತೆಯ ಸಾಹೇಬರು ಬಂದರು. ಮೈಸೂರು ಕಡೆಯವರು, ಇಸ್ತ್ರಿ ಮಾಡಿದ ಕೋಟು. ತೊಗರಿಯನ್ನು ಸಾರಿನಲ್ಲಿ ಬಿಟ್ಟು ಬೇರೆಲ್ಲೂ ಕಂಡವರಲ್ಲ.

“ಒಂದರಿಂದ ಹತ್ತರವರೆಗೆ ಹೇಳಪ್ಪ.”

ಖಂಡೆಪ್ಪ ರುಮಾಲು ಸರಿಮಾಡಿಕೊಂಡು, ಕಾಟಾದ ಮುಂದಿನ ರಾಗದಲ್ಲೇ ಶುರುಮಾಡಿದ: “ಲಾಭ, ಎರಡ, ಮೂರ, ನಾಕ, ಐದ, ಆರ, ಮ್ಯಾಲೊಂದು, ಎಂಟ, ಒಂಬತ್ತ, ಹತ್ತ.”

“ಹತ್ತರಲ್ಲಿ ಎರಡು ತಪ್ಪು. ಆರು ಆದಮೇಲೆ ಏನು?”

“ಮ್ಯಾಲೊಂದು ರಿ.”

“ಅದಕ್ಕೊಂದು ಹೆಸರಿಲ್ಲವೇ?”

“ಅದ ರೀ. ನಂಗೂ ಗೊತ್ತದ.”

“ಗೊತ್ತಿದ್ದರೆ ಹೇಳಿ!”

ಖಂಡೆಪ್ಪ ಕೂತಲ್ಲೇ ಹತ್ತಿರ ಸರಿದು, ದನಿ ತಗ್ಗಿಸಿದ. “ಸಾಹೇಬ್ರ, ಚೀಲ ಕೇಳಾಕತ್ತಾವ್ರಿ.”

ಸಾಹೇಬರು ಚೀಲಗಳ ಕಡೆ ನೋಡಿದರು. ಕೇಳುತ್ತಿರುವ ಲಕ್ಷಣ ಕಾಣಲಿಲ್ಲ. “ಇದು ಮೂಢನಂಬಿಕೆ! ಏಳು ಅಂದರೆ ಏನೂ ಏಳುವುದಿಲ್ಲ. ನೋಡಿ, ನಾನೇ ಹೇಳುತ್ತೇನೆ—ಏಳು!”

ಏಳೂ ಜನ ತೂಕದವರು ಎದ್ದು ನಿಂತರು. ಸಾಹೇಬರ ಮಾತೆಂದು ಮಜೀದಸಾಬರೂ ಎದ್ದರು.

ಹತ್ತರಲ್ಲಿ ಎಂಟು ಅಂಕಿ ಬಲ್ಲವನು ಎರಡು ಅಂಕಿಗಳ ಮಟ್ಟಿಗೆ ಅಜ್ಞಾನಿಯೆಂದು ನಿಯಮವಿದ್ದುದರಿಂದ, ಹಾಗೆಯೇ ಎಣಿಸಿದ ಉಳಿದವರೂ ಸೇರಿ ಎಲ್ಲರೂ ನಪಾಸಾದರು. ಬಿಲ್ಲೆಗಳನ್ನು ಬಿಚ್ಚಿ ಮೇಜಿನ ಮೇಲೆ ಇಡಿಸಲಾಯಿತು. ಖಂಡೆಪ್ಪ ತನ್ನದನ್ನು ಧೋತರದ ಚುಂಗಿನಿಂದ ಒರೆಸಿ ಇಟ್ಟ. ಅಂಗಿಯ ಮೇಲೆ ಅದು ಇದ್ದ ಜಾಗ ಮಾತ್ರ ಬಿಸಿಲು ಕಾಣದೆ ಬೆಳ್ಳಗಿತ್ತು.

ಇನ್ನು ಗುಲ್ಬರ್ಗಾಕ್ಕೆ ಕಳಿಸುವ ವರದಿ. ಅದರ ನಮೂನೆಯಲ್ಲಿ ‘ಲೆಕ್ಕ ಕಲಿತವರ ಸಂಖ್ಯೆ’ ಎಂಬ ಒಂದೇ ಖಾನೆ ಇತ್ತು. ಕಲಿಯದವರಿಗೆ ಖಾನೆ ಇರಲಿಲ್ಲ. ಅಂಥದ್ದು ನಡೆಯಬಹುದೆಂದು ಖಾತೆ ಊಹಿಸಿರಲಿಲ್ಲ. ನಿಯಮದಂತೆ ಅಭ್ಯರ್ಥಿಗಳ ಸಂಖ್ಯೆಯನ್ನು ಅಭ್ಯರ್ಥಿಯ ಬಾಯಿಂದಲೇ ಕೇಳಿ, ಹೇಳಿದಂತೆ ಆ ಖಾನೆಯಲ್ಲಿ ಬರೆಯತಕ್ಕದ್ದಿತ್ತು.

“ಒಟ್ಟ ಎಷ್ಟು ಮಂದಿ ಇದ್ದೀರಿ, ಎಣಿಸಿ ಹೇಳ್ರಿ ಖಂಡೆಪ್ಪಣ್ಣ,” ಅಂದರು ಮಜೀದಸಾಬ.

ಖಂಡೆಪ್ಪ ಒಬ್ಬೊಬ್ಬರನ್ನೇ ಬೆರಳಿಂದ ತೋರಿಸಿ ಎಣಿಸಿದ. “ಆರ, ಮ್ಯಾಲೊಂದು.”

ಮಜೀದಸಾಬರು ೬ ಬರೆದರು. ಅದರ ಮೇಲೆ ೧ ಬರೆದರೆ ಭಿನ್ನರಾಶಿಯಾದೀತೆಂದು ಯೋಚಿಸಿ ಪಕ್ಕದಲ್ಲಿ ಬರೆದರು. ಕಾಗದ ಸಾಹೇಬರ ಮುಂದೆ ಹೋಯಿತು.

“ಅರವತ್ತೊಂದು?” ಅಂದರು ಸಾಹೇಬರು.

“ಹೇಳಿದಂಗ ಬರದೀನಿ ಸರ್.”

ಸಾಹೇಬರು ಬಾಯಿ ತೆರೆದರು. ಆಮೇಲೆ ಗುರಿಯ ಕಾಗದ ನೋಡಿದರು. ತೆರೆದ ಬಾಯಿ ಮುಚ್ಚಿತು.

“ಗುರಿ ಅರವತ್ತು,” ಅಂದರು ಸಾವಕಾಶವಾಗಿ. “ಅರವತ್ತರ ಮೇಲೆ ಒಂದು ಹೆಚ್ಚು.”

“ಅದಕ್ಕ ನಾವು ಲಾಭ ಅಂತೀವ್ರಿ,” ಅಂದ ಖಂಡೆಪ್ಪ.

ಸಾಹೇಬರು ಸಹಿ ಮಾಡಿದರು. ಬಿಲ್ಲೆಗಳು ಅಂಗಿಗೆ ವಾಪಸು ಬಂದವು.

ಹದಿನೈದು ದಿನದಲ್ಲಿ ಗುಲ್ಬರ್ಗಾದಿಂದ ಅಭಿನಂದನೆಯೂ, ನಂಬರು ಹಾಕಿದ ಅರವತ್ತೊಂದು ಸರ್ಟಿಫಿಕೇಟುಗಳೂ ಬಂದವು. ಜೊತೆಗೊಂದು ಸೂಚನೆ: “ಯಾವುದೇ ಸರ್ಟಿಫಿಕೇಟು ಹಿಂದಿರುಗಿದಲ್ಲಿ, ಸದರಿ ವ್ಯಕ್ತಿಯು ಕಲಿತದ್ದನ್ನು ಮರೆತಿರುವನೆಂದು ಭಾವಿಸಿ, ಕಲಿಸಿದ ಅಧಿಕಾರಿಯ ಮೇಲೆ ವಿಚಾರಣೆ ನಡೆಸಲಾಗುವುದು.”

ಗೋದಾಮಿನಲ್ಲೇ, ಸಾಹೇಬರ ಅಧ್ಯಕ್ಷತೆಯಲ್ಲಿ, ಸಮಾರಂಭ ಏರ್ಪಟ್ಟಿತು. ತೂಕದವರು ತಮ್ಮವನ್ನು ತೆಗೆದುಕೊಂಡರು. ನಂಬರ್ ಒಂದು, ಅಂದರೆ ಲಾಭ, ಹಿರಿತನದ ಮೇಲೆ ಖಂಡೆಪ್ಪನಿಗೆ ಬಂತು. ಉಳಿದವಕ್ಕೆ ಜನ ಹುಡುಕಬೇಕಾಯಿತು. ಹಮಾಲರಿಗೆ ಕೊಟ್ಟರು, ಮಜೀದಸಾಬರಿಗೂ ಕೊಟ್ಟರು. ಚಹಾದಂಗಡಿಯವನಿಗೂ, ಅವನ ಅಂಗಡಿಯಲ್ಲಿ ಕೂತವರಿಗೂ ಕೊಟ್ಟರು. ನಾಲವಾರದಿಂದ ರೈಲಿಗೆ ಬಂದು, ಬೀಗರ ಮನೆಯ ದಾರಿ ಕೇಳಲು ಒಳಗೆ ಬಂದ ಸಾಯಬಣ್ಣ ಎಂಬವನಿಗೆ ದಾರಿಯ ಜೊತೆ ಒಂದು ಸರ್ಟಿಫಿಕೇಟೂ ಸಿಕ್ಕಿತು. ತೊಗರಿ ಕೊಳ್ಳಲು ಬಂದಿದ್ದ ಚಿತ್ತಾಪುರದ ಗಣಿತದ ಮಾಸ್ತರರೊಬ್ಬರು ತಾವು ಬಿ.ಎಸ್ಸಿ. ಎಂದು ನಿರಾಕರಿಸಿದರು.

“ಬಿ.ಎಸ್ಸಿ.ಯಲ್ಲಿ ಒಂದರಿಂದ ಹತ್ತು ಹೇಳಿ ಅಂತ ಕೇಳಿದ್ದರೇ?” ಅಂದರು ಸಾಹೇಬರು.

ಮಾಸ್ತರರು ಪ್ರಾಮಾಣಿಕರು. “ಇಲ್ಲ,” ಅಂದು ಕೈ ಚಾಚಿದರು. ಅಮೃತಮ್ಮನೂ ಒಂದು ತೆಗೆದುಕೊಂಡಳು. ರೊಟ್ಟಿ ಬುಟ್ಟಿಗೆ ಮುಚ್ಚಲು ಗಟ್ಟಿ ಕಾಗದ ಅಂದಳು.

ಕೊನೆಗೆ ಒಂದೇ ಉಳಿಯಿತು, ಯಾರೂ ಮುಟ್ಟದೆ ಬದಿಗಿಟ್ಟದ್ದು. ಸಾಹೇಬರು ಹೊರಗೆ ನೋಡಿದರು. ಗಂಜಿನಲ್ಲಿ ಸರ್ಟಿಫಿಕೇಟು ಇಲ್ಲದವರು ಯಾರೂ ಕಾಣಲಿಲ್ಲ. ಒಬ್ಬರ ಹೊರತು. ಮಜೀದಸಾಬರು ನಿಯಮದಂತೆ ಯಾದಿಯಲ್ಲಿ ಸಾಹೇಬರ ಹೆಸರು ಬರೆದು, ನಂಬರು ನೋಡಿ, ಗಟ್ಟಿಯಾಗಿ ಕೂಗಿದರು:

“ಏಳು!”

ಸಾಹೇಬರು ಖುರ್ಚಿಯಿಂದ ಎದ್ದರು.

ಚಪ್ಪಾಳೆ ಬೀಳಲಿಲ್ಲ. ಎಲ್ಲರೂ ಸಾಹೇಬರನ್ನೂ, ಆಮೇಲೆ ಚೀಲಗಳನ್ನೂ ನೋಡಿದರು. “ನಾ ಅಂದಿದ್ದಿಲ್ಲೇನ್ರಿ?” ಅಂದ ಖಂಡೆಪ್ಪ, ಭಾಳ ಮರ್ಯಾದೆಯಿಂದ.

ಸಾಹೇಬರು ತಮ್ಮ ಸಹಿ ಇದ್ದ ಸರ್ಟಿಫಿಕೇಟನ್ನು ತಮ್ಮ ಕೈಯಿಂದಲೇ ಸ್ವೀಕರಿಸಿದರು. ಅದೇ ವಾರ ಸುತ್ತೋಲೆ ಹೊರಟಿತು: ಕಾಳು ಇರುವ ಸ್ಥಳಗಳಲ್ಲಿ ಅಂಕಿಗಳನ್ನು ಕಾಳಿಗೆ ತೊಂದರೆಯಾಗದಂತೆ ಉಚ್ಚರಿಸತಕ್ಕದ್ದು. ಗುರಿ ಮೀರಿಸಿದ್ದಕ್ಕೆ ಸಾಹೇಬರಿಗೆ ಬಡ್ತಿ ಬಂದು ಚಿಂಚೋಳಿಗೆ ಹೋದರು. ಸಾಮಾನು ಬಸ್ಸಿಗೆ ಏರಿಸುವಾಗ ತಾವೇ ನಿಂತು ಎಣಿಸಿದರು. ಒಂದರಲ್ಲಿ ಅಮೃತಮ್ಮ ಕೊಟ್ಟ ತೊಗರಿಬೇಳೆ ಇದ್ದುದರಿಂದ ಲಾಭದಿಂದ ಶುರುಮಾಡಿ, ಆರಾದ ಮೇಲೆ ದನಿ ತಗ್ಗಿಸಿದರು.

ಚಿಂಚೋಳಿಯ ಪರೀಕ್ಷೆಯೂ ಗೋದಾಮಿನಲ್ಲೇ ನಡೆಯಿತಂತೆ. ಮೊದಲನೆಯ ಅಭ್ಯರ್ಥಿ, ಸ್ವಲ್ಪ ಶಾಲೆ ಓದಿದವನು, ಎದೆಯುಬ್ಬಿಸಿ “ಒಂದು” ಅಂದ.

“ತಪ್ಪು,” ಅಂದರು ಸಾಹೇಬರು, ಬೇಸರದಿಂದ. “ಇಷ್ಟೂ ಬರುವುದಿಲ್ಲವೇ? ಬಿಲ್ಲೆ ಇಡಪ್ಪ.”