ಒಂದು ಈರುಳ್ಳಿ ಕಮ್ಮಿ

'ಅಂದಾಜು' ಎಂಬ ಪದ ಕಿವಿಗೆ ಬಿದ್ದರೆ, ಅಂಗಡಿಗಳ ತಕ್ಕಡಿ ಪರೀಕ್ಷಿಸುವ ತೂಕದ ಇನ್‌ಸ್ಪೆಕ್ಟರಿಗೆ ಊಟದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತಿತ್ತು. ಆ ದಿನ ಅದನ್ನು ಹೇಳಿದವರು ಅವನ ಹೆಂಡತಿಯ ಡಾಕ್ಟರು.

"ತಲೆ ಸುತ್ತಳತೆ, ಹೊಟ್ಟೆ ಸುತ್ತಳತೆ, ತೊಡೆ ಮೂಳೆ ಉದ್ದ, ಎಲ್ಲಾ ಸೇರಿಸಿ ಸ್ಕ್ಯಾನಿಂಗ್ ಮಶೀನು ಹೇಳ್ತಿರೋದು ಅಂದಾಜು ಮೂರು ಕೆಜಿ ಇನ್ನೂರು. ಮುನ್ನೂರು ಗ್ರಾಂ ಆಚೆ ಈಚೆ ಆಗಬಹುದು."

"ಮುನ್ನೂರು ಗ್ರಾಮಾ! ಅಂಗಡಿಯವನು ಹೀಗಂದಿದ್ರೆ ಬಾಗಿಲು ಹಾಕಿಸ್ತಿದ್ದೆ ಡಾಕ್ಟ್ರೇ."

"ಅಂಗಡಿಯವನು ಸಾಮಾನು ಕೈಯಲ್ಲಿ ಹಿಡಿದಿರ್ತಾನೆ ಸಾರ್. ನಾನು ಗೋಡೆ ಆಚೆಯಿಂದ ನೋಡ್ತಿದ್ದೀನಿ."

ಹೊರಗೆ ಬೆಂಚಿನ ಮೇಲೆ ಅತ್ತೆ ಕೂತಿದ್ದರು. ಮೂವತ್ತು ವರ್ಷ ತರಕಾರಿ ಮಾರಿದ ಕೈ ಅವರದು. ಆರು ವರ್ಷದ ಹಿಂದೆ ಅವರ ತಕ್ಕಡಿಗೆ ಸೀಲು ಹಾಕಿ ಹೊತ್ತುಕೊಂಡು ಹೋದವನು ಈ ಇನ್‌ಸ್ಪೆಕ್ಟರೇ. ಅದನ್ನು ಬಿಡಿಸಿಕೊಳ್ಳಲು ಕಚೇರಿಗೆ ಅಲೆದ ಮಗಳನ್ನು ಮದುವೆಯಾದ. ತಕ್ಕಡಿ ಮಾತ್ರ ವಾಪಸು ಬರಲಿಲ್ಲ.

ಅತ್ತೆ ಮಗಳ ಹೊಟ್ಟೆಯ ಮೇಲೆ ಅಂಗೈ ಊರಿ, "ಮೂರೂಕಾಲು," ಎಂದರು.

"ಅತ್ತೆ, ಇದು ಕುಂಬಳಕಾಯಿ ಅಲ್ಲ."

"ಕುಂಬಳಕಾಯಿಲಿ ಯಾವತ್ತಾದ್ರೂ ತಪ್ಪಿದ್ದೀನಾ ಅಳಿಯಂದ್ರೇ?"

ಇನ್‌ಸ್ಪೆಕ್ಟರು ಹಲ್ಲು ಕಚ್ಚಿದ. ಹುಟ್ಟುವ ಮೊದಲು ಇವರು ಏನಾದರೂ ಅಂದುಕೊಳ್ಳಲಿ, ಹುಟ್ಟಿದ ಮೇಲೆ ತನ್ನ ಮಗುವಿನ ಮೊದಲ ಕಾಗದದಲ್ಲಿ 'ಅಂದಾಜು' ಇರಕೂಡದು. ಚೀಲದಿಂದ ಹಿತ್ತಾಳೆಯ ತೂಕದ ಬಟ್ಟುಗಳನ್ನು ತೆಗೆದು ನೇರ ಹೆರಿಗೆ ವಾರ್ಡಿಗೆ ನಡೆದ.

"ರೀ, ಆಸ್ಪತ್ರೇನಾದ್ರೂ ಬಿಟ್ಬಿಡಿ," ಎಂದಳು ಹೆಂಡತಿ. ಬಿಡಲಿಲ್ಲ.

ಮಗು ತೂಗುವ ತಕ್ಕಡಿಯ ಮೇಲೆ ಐದು ಕೆಜಿ ಇಟ್ಟ. ಐದು ಕೆಜಿ ಇಪ್ಪತ್ತು ಗ್ರಾಂ ತೋರಿಸಿತು. ಅವನ ಮುಖ ಕಳ್ಳನನ್ನು ಹಿಡಿದ ಹಾಗೆ ಬೆಳಗಿತು. ದಾರ ಸುತ್ತಿ, ಅರಗು ಕರಗಿಸಿ, ಸೀಲು ಒತ್ತಿ, ಚೀಟಿ ಅಂಟಿಸಿದ: 'ಒಡೆದವರಿಗೆ ಜೈಲು.'

"ಸಾರ್, ಸಣ್ಣ ಆಸ್ಪತ್ರೆ. ಇರೋದು ಇದೊಂದೇ," ಎಂದರು ನರ್ಸು.

"ನಾಳೆ ಬೆಳಿಗ್ಗೆ ಸರಿಯಾದದ್ದು ತರಿಸ್ತೀನಿ. ನಮ್ಮದಕ್ಕೆ ಇನ್ನೂ ಹತ್ತು ದಿನ ಇದೆ."

ಆಗಲೇ ಬಾಗಿಲಲ್ಲಿ ಹೆಂಡತಿ ಗೋಡೆ ಹಿಡಿದು ನಿಂತಳು. "ರೀ... ಇದಕ್ಕೆ ನಾಳೆವರೆಗೂ ಕಾಯೋ ಮನಸ್ಸಿದ್ದಂಗಿಲ್ಲ."

ಅವಳನ್ನು ಒಳಗೆ ಕರೆದುಕೊಂಡು ಹೋದರು. ಇನ್‌ಸ್ಪೆಕ್ಟರು ಮೇಲಧಿಕಾರಿಗೆ ಫೋನು ಮಾಡಿದ. ಅವರ ಆದೇಶವಿಲ್ಲದೆ ಸೀಲು ಒಡೆಯುವಂತಿಲ್ಲ. ಅವರು ರಜೆಯಲ್ಲಿದ್ದರು, ಫೋನೂ ರಜೆಯಲ್ಲಿತ್ತು.

ಸರಿ, ಬಜಾರಿಗೆ ಓಡಿದ. ಪರೀಕ್ಷೆ ಆದ ಒಂದೇ ಒಂದು ತಕ್ಕಡಿ, ಅರ್ಧ ಗಂಟೆ ಕಡ ಸಿಕ್ಕರೆ ಸಾಕು! ಆದರೆ ಇನ್‌ಸ್ಪೆಕ್ಟರು ನಡೆದು ಬಂದರೇ ನಡುಗುವ ಬೀದಿ ಅದು. ಅವನು ಓಡಿ ಬರುವುದನ್ನು ಕಂಡು ಷಟರುಗಳು ಒಂದರ ಹಿಂದೊಂದು ಧಡಾರನೆ ಇಳಿದವು. ದಿನಸಿಯವನೊಬ್ಬ ಮಾತ್ರ ಷಟರು ಎಳೆಯಲು ಪುರುಸೊತ್ತಾಗದೆ ತಕ್ಕಡಿಯ ಮೇಲೆಯೇ ಕೂತುಬಿಟ್ಟ.

"ತಕ್ಕಡಿ ಕೊಡಪ್ಪಾ!"

"ತಕ್ಕಡಿನಾ? ನಾವು ಎಣಿಸಿ ಮಾರೋದು ಸಾರ್!"

"ಸಕ್ಕರೇನೂ ಎಣಿಸ್ತೀಯಾ?"

"ಇವತ್ತಿಂದ ಎಣಿಸ್ತೀನಿ ಸಾರ್!"

ಊರೆಲ್ಲ ಅಲೆದು, ಕತ್ತಲಾದ ಮೇಲೆ ಬರಿಗೈಯಲ್ಲಿ, ಬೆವರಿನಲ್ಲಿ ತೊಯ್ದು ವಾಪಸು ಬಂದಾಗ ವಾರ್ಡಿನಲ್ಲಿ ಮಗು ಕಿರುಚುತ್ತಿತ್ತು. ಹೆಣ್ಣು ಮಗು. ಹೆಂಡತಿ ದಣಿದು ನಗುತ್ತಿದ್ದಳು. ಅತ್ತೆ ಮೊಮ್ಮಗಳನ್ನು ಎರಡೂ ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಒಂದು ಸಲ ಮೆಲ್ಲಗೆ ಮೇಲೆತ್ತಿ ಇಳಿಸಿದರು.

"ಮೂರೂಕಾಲು... ಇಲ್ಲ. ಒಂದು ಸಣ್ಣ ಈರುಳ್ಳಿ ಕಮ್ಮಿ."

"ಈರುಳ್ಳಿ ಎಷ್ಟಮ್ಮಾ?" ಎಂದರು ನರ್ಸು, ಪೆನ್ನು ಹಿಡಿದು.

"ಐವತ್ತು ಗ್ರಾಂ."

ನರ್ಸು ಬರೆದು ಕಾಗದವನ್ನು ಇನ್‌ಸ್ಪೆಕ್ಟರ ಮುಂದೆ ಹಿಡಿದರು. 'ತೂಕ: ಅಂದಾಜು ಮೂರು ಕೆಜಿ ಇನ್ನೂರು ಗ್ರಾಂ. ತೂಗಿದ್ದು: ಅಜ್ಜಿಯ ಕೈ. ಕಾರಣ: ತಕ್ಕಡಿಗೆ ಮಗುವಿನ ತಂದೆ ಸೀಲು ಹಾಕಿದ್ದಾರೆ.'

"ಇಲ್ಲಿ ತಮ್ಮದೊಂದು ಸಹಿ ಸಾರ್."

ಇನ್‌ಸ್ಪೆಕ್ಟರು ಸಹಿ ಮಾಡಿದ. ಅತ್ತೆ ಮಗುವನ್ನು ಅವನ ತೋಳಿಗೆ ಕೊಟ್ಟು, ಖಾಲಿಯಾದ ಎರಡೂ ಅಂಗೈಗಳನ್ನು ಅವನ ಮುಂದೆ ಚಾಚಿದರು.

"ಅನುಮಾನ ಇದ್ರೆ ಇದಕ್ಕೂ ಸೀಲು ಹಾಕ್ಕೊಂಡು ಹೋಗಿ ಅಳಿಯಂದ್ರೇ. ಆದ್ರೆ ಆಮೇಲೆ ಮಗೂಗೆ ಸ್ನಾನ ನೀವೇ ಮಾಡಿಸ್ಬೇಕು."